ತೊಳೆದು ಕುಡಿದ ಲೋಟ

ಹರಿಹರ
೧೨-೩-೨೦೨೫, ಬುಧವಾರ

ಚಿ. ಸೌ. ರೂಪಶ್ರೀಗೆ, ನಿನ್ನ ತಾಯಿ ಕಸ್ತೂರಮ್ಮ ಮಾಡುವ ಆಶೀರ್ವಾದ.

ಉಭಯ ಕುಶಲೋಪರಿ ಎಂದು ಬರೆಯಲು ಹೊರಟೆ, ಆದರೆ ಕುಶಲ ಸದ್ಯಕ್ಕೆ ನನ್ನ ಕಡೆ ಮಾತ್ರ ಇರುವ ಹಾಗಿದೆ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದಷ್ಟೇ ಇದೆ, ನಿದ್ದೆ ಬರುತ್ತದೆ, ಊಟ ಸೇರುತ್ತದೆ. ನನ್ನಿಂದಾಗಿ ನಿಮ್ಮ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲವೆಂದು ಕೇಳಿದೆ. ಬಸುರಿ ಹೆಂಗಸು, ನೀನಾದರೂ ಹೊಟ್ಟೆ ತುಂಬ ಉಣ್ಣು. ಉಳಿದವರು ಹಸಿವಾದಾಗ ಉಣ್ಣುತ್ತಾರೆ.

ಫೋನ್ ಬಿಟ್ಟು ಕಾಗದ ಯಾಕೆ ಎನ್ನುತ್ತೀಯ. ಫೋನ್ ಮಾಡಿದರೆ ಎರಡನೆಯ ಮಾತಿಗೇ ನಿಮ್ಮ ಅತ್ತೆ ಸ್ಪೀಕರ್ ಹಾಕಿಸುತ್ತಾರೆ. ನಾನು ಕೆಮ್ಮಿದರೂ ಅದಕ್ಕೊಂದು ಅರ್ಥ ಹುಟ್ಟಿಕೊಳ್ಳುತ್ತದೆ. ಈ ಕಾಗದವನ್ನು ಅವರೇ ಮೊದಲು ಒಡೆದು ಓದಿದರೂ ನನ್ನದೇನೂ ಅಡ್ಡಿಯಿಲ್ಲ. ಅವರು ಕನ್ನಡಕ ಹುಡುಕುವ ತೊಂದರೆ ಬೇಡವೆಂದು ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ.

ಮೊನ್ನೆ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಬರುವ ಸೋಮವಾರ ನಿನ್ನ ಸೀಮಂತದ ಕುಬಸ. ನಾನು ಅದಕ್ಕೆ ಬರಬೇಕಾದರೆ ಎರಡು ಕೆಲಸ ಮಾಡಬೇಕಂತೆ. ಬೆಂಗಳೂರಿನ ಬಾರಿನಲ್ಲಿ ನಾನು ಕುಡಿಯಲಿಲ್ಲವೆಂದು ಹಿರಿಯರೆದುರು ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಬೇಕು. ನಮ್ಮ ಓಣಿಯ ಮುಮ್ತಾಜಳ ಜೊತೆಗಿನ ಶರಬತ್ತಿನ ವ್ಯಾಪಾರ ಇವತ್ತಿಗೆ ಬಿಟ್ಟೆ ಎನ್ನಬೇಕು. ಇಲ್ಲದಿದ್ದರೆ ತವರಿನ ಹಸಿರು ಸೀರೆಯನ್ನು ನನ್ನ ಬದಲಿಗೆ ನಿಮ್ಮ ಅತ್ತೆಯ ತಂಗಿ ಉಡಿಸುತ್ತಾರಂತೆ. ಇಷ್ಟು ಹೇಳಿ ನೀನು ಕೊನೆಗೆ, "ಒಂದ್ಸಲ ಅಂದುಬಿಡಮ್ಮ, ನನಗೂ ಸಾಕಾಗೈತೆ" ಎಂದೆ. ನಾನು ಮತ್ತೆ ಮತ್ತೆ ಹಾಕಿ ಕೇಳಿದ್ದು ಆ ಒಂದು ಮಾತನ್ನೇ. ಆದರೂ ನನ್ನ ಉತ್ತರ ಕೇಳು. ಆಣೆ ಮಾಡುವುದಿಲ್ಲ, ವ್ಯಾಪಾರ ಬಿಡುವುದಿಲ್ಲ, ಕುಬಸಕ್ಕೆ ಬರುತ್ತೇನೆ.

ಈಗ ನಡೆದದ್ದನ್ನು ಬರೆಯುತ್ತೇನೆ. ಇದರಲ್ಲಿ ಅರ್ಧ ನಿನಗೆ ಗೊತ್ತಿರುವುದೇ, ಆದರೆ ನಿಮ್ಮ ಅತ್ತೆಯೂ ಓದುತ್ತಾರಲ್ಲ, ಅವರಿಗೂ ನೆಟ್ಟಗೆ ತಿಳಿಯಲಿ.

ಮುಮ್ತಾಜಳ ತಂದೆ ಹುಸೇನ್ ಸಾಬ್ ದಾವಣಗೆರೆಯಲ್ಲಿ ಕೈಗಾಡಿ ಇಟ್ಟುಕೊಂಡು ಸೊಗದೆ ಬೇರಿನ ಶರಬತ್ತು ಮಾರುತ್ತಿದ್ದವರು. ಬೇರನ್ನು ಕುದಿಸಬಾರದು, ಜಜ್ಜಿ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಕು, ಕುದಿಸಿದರೆ ಘಮ ಹೋಗುತ್ತದೆ ಎಂಬುದು ಅವರ ಪಾಠ. ಆ ಪಾಠ ಮುಮ್ತಾಜಳದು. ಅಡುಗೆಮನೆ, ಹಂಡೆ, ಸಕ್ಕರೆ ಪಾಕ ನನ್ನದು. ನಿಮ್ಮ ಅಪ್ಪಾಜಿ ತೀರಿಕೊಂಡ ಮೇಲೆ ಓಣಿಯವರೆಲ್ಲ ಅಯ್ಯೋ ಪಾಪ ಎಂದರು. ಅವಳೊಬ್ಬಳು ಬಂದು, "ಕಸ್ತೂರಕ್ಕ, ಸುಮ್ನೆ ಯಾಕ ಕೂತೀರಿ, ಪಾಕ ಹಿಡಿಯಾಕೆ ಬರ್ರಿ" ಎಂದಳು. ಅವತ್ತು ಹಿಡಿದ ಸೌಟನ್ನು ನಾನು ಇನ್ನೂ ಕೆಳಗಿಟ್ಟಿಲ್ಲ.

ಬೇಸಿಗೆಯಲ್ಲಿ ಮದುವೆ ಮನೆಯವರು ಒಯ್ಯುತ್ತಾರೆ. ಮಳೆ ಬಿತ್ತೆಂದರೆ ಕೇಳುವವರಿಲ್ಲ. ಮುಮ್ತಾಜಳ ಮಗ ತೌಸೀಫ್ ಲಗೇಜ್ ಗಾಡಿ ಓಡಿಸುತ್ತಾನಲ್ಲ, ಬೆಂಗಳೂರಿನ ಬಾರುಗಳಲ್ಲಿ ಇಂಥ ಶರಬತ್ತು ಬೆರೆಸಿ ಕಾಕ್‌ಟೇಲ್ ಮಾಡುತ್ತಾರೆ, ವರ್ಷಪೂರ್ತಿ ಕೊಳ್ಳುತ್ತಾರೆ ಎಂಬ ಸುದ್ದಿ ತಂದವನು ಅವನೇ. ಅದಕ್ಕೆ ಅವರಮ್ಮ ಮೊದಲು ಅವನ ತಲೆಗೆ ಒಂದು ಮೊಟಕಿದಳು. ಆಮೇಲೆ ದಿನಗಟ್ಟಲೆ ಯೋಚಿಸಿ ಒಂದು ಷರತ್ತು ಹಾಕಿದಳು: "ನಮ್ ಶರಬತ್ತಿಗೆ ಅವರು ಏನಾರ ಬೆರೆಸ್ಕೊಳ್ಳಿ, ಅದು ಅವರ ಪಾಪ. ಆದ್ರ ಕುಡಿಯದೋರಿಗೂ ಅದೇ ಒಳ್ಳೆ ಗ್ಲಾಸ್ನಾಗೆ ಬರೀ ಶರಬತ್ತು ಕೊಡ್ಬೇಕು. ಅಂಥ ಬಾರಿಗಷ್ಟೇ ನಮ್ ಮಾಲು." ನನಗೆ ಆ ಷರತ್ತು ಒಪ್ಪಿಗೆಯಾಯಿತು.

ಸರಿ, ಅಂಥ ಬಾರು ಯಾವುದು? ತೌಸೀಫ್ ಫೋನಿನಲ್ಲಿ ಬೆಂಗಳೂರಿನ ಒಳ್ಳೊಳ್ಳೆಯ ಬಾರು, ಕಾಕ್‌ಟೇಲ್ ಲೌಂಜುಗಳನ್ನೆಲ್ಲ ಹುಡುಕಿದ. ಎಲ್ಲಕ್ಕೂ ನಾಲ್ಕೂವರೆ ಚುಕ್ಕಿ, ಎಲ್ಲವೂ ಊರಿಗೇ ಮೊದಲನೆಯದು. ಹುಡುಗಿ ನೋಡಲು ಹೋದಾಗ ದಲ್ಲಾಳಿ ಹೇಳುವಂಥದ್ದೇ ಮಾತು. ಹಾಗಾಗಿ ನಾವೇ ಹೋಗಿ ಕಣ್ಣಾರೆ ನೋಡುವುದೆಂದು ತೀರ್ಮಾನಿಸಿದೆವು. ನಾನು ಎಂದಿನಂತೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಇಳಕಲ್ ಸೀರೆ ಉಟ್ಟು ಹೊರಟೆ. ಮುಮ್ತಾಜ್ ಬುರ್ಖಾ ಹಾಕಿಕೊಂಡಳು. ನಮ್ಮನ್ನು ಕಂಡು ಬಾಗಿಲಲ್ಲಿದ್ದವರು ಚಂದಾ ಕೇಳಲು ಬಂದವರೆಂದುಕೊಂಡರು.

ಮೊದಲನೆಯದು ಮಹಡಿಯ ಮೇಲಿನ ಬಾರು. ಹಾಡಿನ ಅಬ್ಬರಕ್ಕೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಮ್ಯಾನೇಜರು ನನ್ನೊಡನೆ ಇಂಗ್ಲಿಷಿನಲ್ಲೂ ಮುಮ್ತಾಜಳೊಡನೆ ಹಿಂದಿಯಲ್ಲೂ ಶುರು ಮಾಡಿದ. "ಕನ್ನಡದಾಗೆ ಹೇಳ್ರಿ, ಇಬ್ಬರಿಗೂ ಒಂದೇ ಸಲ ಮುಗಿತೈತೆ" ಎಂದಳು ಅವಳು. ಶರಬತ್ತು ಕುಡಿಯಲು ಬಾರಿಗೆ ಯಾರು ಬರುತ್ತಾರೆ ಎಂದು ಅವನು ನಕ್ಕ. ನಾವು ಬಂದಿದ್ದೇವಲ್ಲ ಎಂದೆ. ಅವನಿಗೆ ಅದು ಜಾಣತನದ ಉತ್ತರ ಅನ್ನಿಸಲಿಲ್ಲ.

ಎರಡನೆಯದರಲ್ಲಿ ಎಷ್ಟು ಕತ್ತಲೆಯೆಂದರೆ ಮುಮ್ತಾಜ್ ಕರೆಂಟು ಹೋಗಿದೆಯಾ ಎಂದು ವಿಚಾರಿಸಿದಳು. ಸೋಫಾ ಮೆತ್ತಗಿತ್ತು, ಲೋಟಗಳು ಫಳಫಳ ಹೊಳೆಯುತ್ತಿದ್ದವು. ಆದರೆ ನಿಂಬೆರಸ ಬಾಟಲಿಯದು, ಹೆಂಗಸರ ಬಾತ್‌ರೂಮಿಗೆ ಚಿಲಕವಿಲ್ಲ. ಹೆಂಗಸು ನೆಮ್ಮದಿಯಾಗಿ ಬಾಗಿಲು ಹಾಕಿಕೊಳ್ಳಲಾಗದ ಜಾಗಕ್ಕೆ ಯಾರು ಚುಕ್ಕಿ ಕೊಟ್ಟರೋ ನಾನರಿಯೆ. ಅಲ್ಲಿಯ ಯಜಮಾನ ನಮ್ಮ ಮಾಲು ಕೊಳ್ಳಲು ಒಪ್ಪಿದ. ಬರೀ ಶರಬತ್ತನ್ನು ಮಾತ್ರ ಪ್ಲಾಸ್ಟಿಕ್ ಲೋಟದಲ್ಲಿ ಕೊಡುವುದಂತೆ, ಯಾಕೆಂದರೆ ಕುಡಿಯದವರು ಅಂದರೆ ಹೊರಗೆ ಕಾಯುವ ಡ್ರೈವರುಗಳು ಮಾತ್ರವಂತೆ. ತೌಸೀಫ್ ನಮ್ಮ ಪಕ್ಕದಲ್ಲೇ ನಿಂತಿದ್ದ. ಮುಮ್ತಾಜ್ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು, ನಾನೂ ಎದ್ದೆ.

ಮೂರನೆಯದು ಚಿಕ್ಕದು. ಕಟ್ಟೆಯ ಹಿಂದೆ ನಿಂತು ಡ್ರಿಂಕ್ಸ್ ಬೆರೆಸುತ್ತಿದ್ದವಳು ಒಬ್ಬ ಹುಡುಗಿ, ಹೆಸರು ವಾಣಿ. ನಾವಿಬ್ಬರು ಮಾತಾಡಿಕೊಳ್ಳುವುದನ್ನು ಕೇಳಿಸಿಕೊಂಡು, "ಯಾವೂರಮ್ಮ ನಿಮ್ದು?" ಎಂದಳು. ಹರಿಹರ ಎಂದೆ. "ನಮ್ದು ಮಲೆಬೆನ್ನೂರ್ರಿ" ಎಂದವಳೇ ಕಟ್ಟೆ ದಾಟಿ ಬಂದು ಕುರ್ಚಿ ಎಳೆದು, "ಕೂಡ್ರಿ, ಕೂಡ್ರಿ" ಎಂದು ಕೂರಿಸಿದಳು. ಮನೆಯಲ್ಲಿ ಅವಳು ಹೋಟೆಲಿನಲ್ಲಿದ್ದಾಳೆಂದು ಹೇಳಿಕೊಂಡಿದ್ದಾರಂತೆ. "ಬಾರ್ ಅಂದ್ರ ಜನ ಆಡ್ಕೊಂತಾರಂತ ಅವ್ವಂಗೆ ಭಯ. ನಾನೇನು ಕದ್ದು ಮಾಡಾಕತ್ತೀನಾ?" ಎಂದು ಕೇಳಿದಳು. ನನಗೆ ಆ ಮಾತು ಬಹಳ ಹಿಡಿಸಿತು. ಮುಮ್ತಾಜಳ ಷರತ್ತನ್ನು ಅವಳು ಪೂರ್ತಿ ಕೇಳುವ ಮೊದಲೇ ಒಪ್ಪಿದಳು. ಮೆನುವಿನಲ್ಲಿ ಶರಬತ್ತಿಗೆ ಒಂದು ಸಾಲು, ಉದ್ದ ಕಾಲಿನ ಅದೇ ಗಾಜಿನ ಲೋಟ, ಅದೇ ಐಸು. ಬಾತ್‌ರೂಮಿನ ಚಿಲಕವನ್ನೂ ಹೋಗಿ ನೋಡಿ ಬಂದೆ, ಗಟ್ಟಿಯಾಗಿತ್ತು. ಬೆಂಗಳೂರಿನ ಒಳ್ಳೆಯ ಬಾರು ಯಾವುದೆಂದು ನಿಮ್ಮ ಮನೆಯಲ್ಲಿ ಯಾರಿಗಾದರೂ ತಿಳಿಯಬೇಕಿದ್ದರೆ ನನ್ನನ್ನು ಕೇಳಲಿ, ವಿಳಾಸ ಕೊಡುತ್ತೇನೆ.

ವಾಣಿ ನಮ್ಮ ಶರಬತ್ತಿನಿಂದಲೇ ಎರಡು ಲೋಟ ಮಾಡಿ ತಂದಿಟ್ಟಳು. ಒಂದನ್ನು ಮುಮ್ತಾಜ್ ಕುಡಿದಳು, ಒಂದನ್ನು ನಾನು ಕುಡಿದೆ. ಕುಡಿದು ಮುಗಿಸಿದ ಮೇಲೆ ಕೈ ತನ್ನಷ್ಟಕ್ಕೆ ನೀರಿನ ಜಗ್ಗಿಗೆ ಹೋಯಿತು. ಲೋಟಕ್ಕೆ ಚೂರು ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿದೆ. ಉಂಡ ತಟ್ಟೆ ತೊಳೆದು ಕುಡಿಯುವುದು, ಪ್ರಸಾದದ ಒಂದು ಅಗುಳೂ ಚೆಲ್ಲದಿರುವುದು ನನ್ನ ತಾಯಿ ಕಲಿಸಿದ್ದು, ನಾನು ನಿನಗೆ ಕಲಿಸಿದ್ದು. ಬಾರಿನಲ್ಲಿ ಕೂತಿದ್ದೇನೆಂದು ಕೈಗೆ ಹೇಗೆ ಗೊತ್ತಾಗಬೇಕು?

ಪಕ್ಕದ ಟೇಬಲ್ಲಿನವರು ನಗುತ್ತ ಫೋನ್ ಹಿಡಿದದ್ದು ನನಗೆ ಕಾಣಲಿಲ್ಲ. ವಾಣಿಗೆ ಕಂಡಿತು, ಅವರ ಮುಂದೆ ಹೋಗಿ ನಿಂತು, "ನಮ್ಮಜ್ಜಿನೂ ಹಿಂಗೇ ತೊಳ್ಕೊಂಡು ಕುಡಿತಾಳ್ರಿ, ನಗಾದೇನೈತೆ?" ಎಂದಳು. ಅಷ್ಟು ಹೊತ್ತಿಗೆ ವಿಡಿಯೋ ಹೊರಟುಹೋಗಿತ್ತು. ಕೊನೆ ಹನಿಯನ್ನೂ ಬಿಡದ ಅಜ್ಜಿ ಎಂದು ಹೆಸರಿಟ್ಟುಕೊಂಡು, ನಾನು ಹರಿಹರ ಮುಟ್ಟುವ ಮೊದಲೇ ಅದು ನಮ್ಮ ಬೀಗರ ವಾಟ್ಸಾಪ್ ಗ್ರೂಪು ಮುಟ್ಟಿತ್ತು.

ಹೊರಗಿನವರು ನಕ್ಕದ್ದಕ್ಕೆ ನನಗೆ ಸಿಟ್ಟಿಲ್ಲ, ಅವರಿಗೆ ಗೊತ್ತಿಲ್ಲ. ಆದರೆ ನಿಮ್ಮ ಅತ್ತೆಗೆ ಗೊತ್ತು. ನಿನ್ನ ನಿಶ್ಚಿತಾರ್ಥದ ದಿನ ನಮ್ಮ ಮನೆಯಲ್ಲಿ ಎದುರುಬದುರು ಕೂತು ಉಂಡು, ಇಬ್ಬರೂ ತಟ್ಟೆ ತೊಳೆದು ಕುಡಿದಿದ್ದೇವೆ. ಅವತ್ತು ಅವರು, "ನಿಮ್ಮನ್ಯಾಗೂ ಈ ಪದ್ಧತಿ ಐತಲ್ಲ, ಭಾಳ ಸಂತೋಷ" ಎಂದಿದ್ದರು. ಅದೇ ಪದ್ಧತಿಯನ್ನು ವಿಡಿಯೋದಲ್ಲಿ ನೋಡಿ ಈಗ ಚಟ ಎನ್ನುತ್ತಿದ್ದಾರೆ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಮಾಡುವವರಿಗೆ ನಾನು ಉತ್ತರ ಕೊಡಬೇಕಾಗಿಲ್ಲ. ಆ ಲೋಟದಲ್ಲಿ ಏನಿತ್ತೆಂಬುದು ನನ್ನ ವಿಷಯ.

ಇನ್ನು ಆಣೆಯ ಮಾತು. ಲಿಂಗ ಮುಟ್ಟಿ ಆಣೆ ಮಾಡುವುದನ್ನು ನಮ್ಮ ಮನೆಯಲ್ಲಿ ನಿಮ್ಮ ಅಪ್ಪಾಜಿ ಮಾಡಿದಷ್ಟು ಯಾರೂ ಮಾಡಿಲ್ಲ. ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಹೋದದ್ದು ನಿನಗೆ ನೆನಪಿರಬೇಕು. ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ, ಇನ್ನು ಹೆಂಡ ಮುಟ್ಟುವುದಿಲ್ಲವೆಂದು ಲಿಂಗ ಹಿಡಿದು ಹೇಳಿದರು. ನಾನು ಅತ್ತುಬಿಟ್ಟೆ, ಖುಷಿಗೆ. ವಾಪಸ್ಸು ಬರುವಾಗ ಬಸ್ಸು ಮಲೆಬೆನ್ನೂರಿನಲ್ಲಿ ನಿಂತಿತು, ನೀರು ತರುತ್ತೇನೆಂದು ಇಳಿದರು. ಬಸ್ಸು ಹೊರಟರೂ ಅವರು ಬರಲಿಲ್ಲ. ಲಿಂಗ ಪೂಜೆಗೆ ಮಾತ್ರ, ಆಣೆಗಲ್ಲ ಎಂದು ನಾನು ಅವತ್ತೇ ಆ ಬಸ್ಸಿನಲ್ಲಿ ತೀರ್ಮಾನಿಸಿದೆ. ಆ ತೀರ್ಮಾನವನ್ನು ನಿಮ್ಮ ಅತ್ತೆಗಾಗಿ ಬದಲಿಸುವುದಿಲ್ಲ.

ಬಾರಿನ ಮೆಟ್ಟಿಲು ಹತ್ತಿ ಮನೆತನದ ಮಾನ ಕಳೆದೆ ಎನ್ನುತ್ತಾರಲ್ಲ, ನಮ್ಮ ಮನೆಯಿಂದ ಮೊದಲು ಬಾರಿನೊಳಗೆ ಹೋದ ಹೆಣ್ಣು ನಾನಲ್ಲ, ನೀನು. ಹೆಂಗಸರು ಒಳಗೆ ಬರಬಾರದೆಂದು ಬಾಗಿಲಲ್ಲೇ ತಡೆಯುತ್ತಿದ್ದರು, ಮಕ್ಕಳನ್ನು ತಡೆಯುತ್ತಿರಲಿಲ್ಲ. ನಾನು ರಸ್ತೆಯಲ್ಲಿ ಸೆರಗು ಹೊದ್ದು ನಿಲ್ಲುತ್ತಿದ್ದೆ. ನೀನು ಶಾಲೆಯ ಲಂಗದಲ್ಲಿ ಒಳಗೆ ಹೋಗಿ ಅಪ್ಪಾಜಿಯ ಕೈ ಹಿಡಿದು ತರುತ್ತಿದ್ದೆ. ಆಗ ಯಾವ ಬೀಗರೂ ಯಾವ ಹಿರಿಯರೂ ಯಾರ ಮಾನದ ಮಾತನ್ನೂ ಎತ್ತಲಿಲ್ಲ. ಈಗ ನಾನು ಮುಂಬಾಗಿಲಿನಿಂದ, ನನ್ನ ಮಾಲು ಮಾರಲು, ತಲೆ ಎತ್ತಿಕೊಂಡು ಹೋಗಿ ಬಂದಿದ್ದೇನೆ. ಅದಕ್ಕೆ ಇಷ್ಟು ಗದ್ದಲ.

ಸೋಮವಾರ ಬೆಳಿಗ್ಗೆ ಬರುತ್ತೇನೆ. ಹಸಿರು ಸೀರೆ, ಕುಬಸದ ಖಣ, ಬಳೆ, ಉಡಿಯಕ್ಕಿ ಎಲ್ಲ ಸಿದ್ಧವಾಗಿದೆ. ಬಳೆಗಳನ್ನು ಆರಿಸಿದವಳು ಮುಮ್ತಾಜ್, ನಿನ್ನ ಕೈಯ ಅಳತೆ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಅವಳೂ ಬರುತ್ತಾಳೆ, ಶರಬತ್ತಿನ ಹಂಡೆಯೂ ಬರುತ್ತದೆ. ಬಾಗಿಲು ತೆಗೆದರೆ ಒಳಗೆ ಬಂದು ಉಡಿ ತುಂಬುತ್ತೇನೆ. ತೆಗೆಯದಿದ್ದರೆ ಗೇಟಿನ ಹೊರಗೆ ನಿಲ್ಲುತ್ತೇನೆ. ನಿಮ್ಮ ಸರಸ್ವತಿ ನಗರದ ರಸ್ತೆ ಯಾರ ಸ್ವಂತದ್ದೂ ಅಲ್ಲ, ಮತ್ತು ಬಾಗಿಲಾಚೆ ಕಾದು ನಿಲ್ಲುವುದು ನನಗೆ ಹೊಸದಲ್ಲ. ದಾರಿಯಲ್ಲಿ ಹೋಗುವವರಿಗೆಲ್ಲ ನಿನ್ನ ಕುಬಸದ ಶರಬತ್ತು ಹಂಚುತ್ತಿರುತ್ತೇನೆ.

ನೀನು ಯಾರ ಜೊತೆಗೂ ಜಗಳ ಆಡಬೇಡ. ಚಿಕ್ಕವಳಿದ್ದಾಗ ಒಳಗಿನಿಂದ ಅಪ್ಪಾಜಿಯನ್ನು ಕರೆದುಕೊಂಡು ಹೊರಗೆ ನನ್ನ ಹತ್ತಿರ ಬರುತ್ತಿದ್ದೆಯಲ್ಲ, ಸೋಮವಾರ ನಿನ್ನೊಬ್ಬಳನ್ನೇ ನೀನು ಗೇಟಿನ ತನಕ ಕರೆದುಕೊಂಡು ಬಾ. ಸೀರೆಯನ್ನು ಅಲ್ಲೇ ಹೆಗಲಿಗೆ ಹೊದಿಸುತ್ತೇನೆ. ಬರುವುದು ಬಿಡುವುದು ನಿನಗೆ ಸೇರಿದ್ದು. ಬರದಿದ್ದರೂ ನೀನು ನನ್ನ ಮಗಳೇ, ಹೆರಿಗೆಗೆ ನಮ್ಮ ಮನೆಯ ಬಾಗಿಲು ತೆರೆದೇ ಇರುತ್ತದೆ.

ಕಾಲು ಊದದಂತೆ ನೋಡಿಕೋ. ರಾತ್ರಿ ಎಡಮಗ್ಗುಲಾಗಿ ಮಲಗು.

ಯಾರಿಗೂ ತಲೆ ತಗ್ಗಿಸದ,
ನಿನ್ನ ಅಮ್ಮ
ಕಸ್ತೂರಮ್ಮ

ತಾ.ಕ.: ಕುಡಿಯಲಿಲ್ಲವೆಂದು ಹೇಳು ಎಂದೆಯೇ ಹೊರತು, ಕುಡಿದೆಯಾ ಎಂದು ನೀನು ನನ್ನನ್ನು ಕೇಳಲೇ ಇಲ್ಲ. ಕೇಳದಿದ್ದರೂ ಹೇಳುತ್ತೇನೆ, ಇದನ್ನೂ ನಿಮ್ಮ ಅತ್ತೆ ಓದಲಿ. ಕುಡಿದೆ. ಮುಮ್ತಾಜಳ ಲೋಟದಲ್ಲಿ ಬರೀ ಶರಬತ್ತಿತ್ತು. ನನ್ನದಕ್ಕೆ ಮದ್ಯ ಬೆರೆಸು ಎಂದು ವಾಣಿಗೆ ನಾನೇ ಹೇಳಿದೆ. ಮುಮ್ತಾಜ್ ಅದನ್ನು ನೋಡಿ ಮುಖ ಆಚೆ ತಿರುಗಿಸಿ ಕೂತಳು. ನಿಮ್ಮ ಅಪ್ಪಾಜಿ ನಮ್ಮಿಬ್ಬರನ್ನೂ ಬಿಟ್ಟು ಒಳಗೆ ಹೋಗುತ್ತಿದ್ದದ್ದು ಯಾವುದಕ್ಕೆಂದು ಒಂದು ಸಲ ನನಗೆ ತಿಳಿಯಬೇಕಾಗಿತ್ತು. ಮೊದಲು ಗಂಟಲು ಸುಟ್ಟಿತು, ಆಮೇಲೆ ಕಹಿ, ಅದರ ಕೆಳಗೆಲ್ಲೋ ನಮ್ಮ ಬೇರಿನ ಘಮ. ಇಷ್ಟಕ್ಕೇನಾ ಅನ್ನಿಸಿ ಕಣ್ಣು ತುಂಬಿತು. ಆಮೇಲೆ ಲೋಟಕ್ಕೆ ನೀರು ಹಾಕಿ ತೊಳೆದು ಕುಡಿದೆ. ನನ್ನ ಪಾಲಿಗೆ ಬಂದದ್ದನ್ನು ನಾನು ಯಾವತ್ತೂ ಚೆಲ್ಲಿದವಳಲ್ಲ.