ಕೌದಿಯೊಳಗಿನ ಸೈನಿಕನ ಅಂಗಿ

೧೪ ಡಿಸೆಂಬರ್ ೧೯೮೭, ಸೋಮವಾರ. ಅಥಣಿ.

ಎಪ್ಪತ್ತೊಂದರ ಯುದ್ಧದಲ್ಲಿ ಧುಮುಕುಕೊಡೆಯಿಂದ ಇಳಿದಿದ್ದ ಸೈನಿಕ ಲಗಮಪ್ಪನ ಹಸಿರು-ಕಂದು ಮಚ್ಚೆಗಳ ಅಂಗಿಯನ್ನು ಮೂರು ವರ್ಷಗಳಿಂದ ಹುಡುಕುತ್ತಿದ್ದೆ. ನನ್ನ ಹಳೆಯ ಸಮವಸ್ತ್ರಗಳ ಸಂಗ್ರಹದಲ್ಲಿ ಅಂಥದೊಂದೂ ಇಲ್ಲ. ಇಂದು ಕೊಕಟನೂರಿನಲ್ಲಿ ದೊರೆಯಿತು. ಆದರೆ ಅವನ ಹೆಂಡತಿ ಸುಂದ್ರವ್ವ ಅವನು ತೀರಿಕೊಂಡ ಮೇಲೆ ಅದನ್ನು ಹರಿದು ಕೌದಿಗೆ ಹೊಲಿದಿದ್ದಾಳೆ. ಅದು ಇತಿಹಾಸ, ಆ ತುಂಡುಗಳನ್ನಾದರೂ ಕೊಡು ಎಂದು ಅಂಗಲಾಚಿದೆ.

ಅವಳೇ ಕತ್ತರಿ ತಂದಿಟ್ಟಳು. "ಬಿಚ್ಚಿಕೊಳ್ರಿ, ಮಾಸ್ತರ. ನಡುವ ಅವರ ಅಂಗಿ, ಸುತ್ತ ನಮ್ಮವ್ವನ ಸೀರಿ, ಸತ್ತ ಮಗಳ ಲಂಗ ಐತಿ. ಥಂಡಿಗೆ ನಿಮ್ಮ ಇತಿಹಾಸ ತಿಳಿತೈತೇನ್ರಿ?"

ಒಂದು ಹೊಲಿಗೆಯನ್ನು ಕತ್ತರಿಸಿದೆ. ಎರಡನೆಯದಕ್ಕೆ ಕೈ ಏಳಲಿಲ್ಲ.

ನನ್ನ ಪೆಟ್ಟಿಗೆಯಲ್ಲಿರುವ ಹನ್ನೊಂದು ಸಮವಸ್ತ್ರಗಳನ್ನು ನುಸಿಗುಳಿಗೆಯಿಟ್ಟು ಕಾಪಾಡಿದ್ದೇನೆ. ಅವು ಯಾರನ್ನೂ ಬೆಚ್ಚಗಿಟ್ಟಿಲ್ಲ. ಕತ್ತರಿಯನ್ನು ಕೆಳಗಿಟ್ಟಾಗ ಸುಂದ್ರವ್ವ ಸೂಜಿಗೆ ದಾರ ಪೋಣಿಸಿ, ನಾನು ಬಿಚ್ಚಿದ ಆ ಒಂದು ಹೊಲಿಗೆಯನ್ನು ನನ್ನೆದುರಿನಲ್ಲೇ ಮತ್ತೆ ಹಾಕಿದಳು.