ಮೊಮ್ಮಗಳ ಕೈಲಿ ಬೈಸಿಕೊಂಡಿದ್ದು

ಅಕ್ಕಾ,

ಇವತ್ತು ಮೊಮ್ಮಗಳ ಕೈಲಿ ಬೈಸಿಕೊಂಡೆ. ಹೇಳಿಕೊಂಡು ಬೀಗಬೇಕು ಅನಿಸಿತು. ನೀನು ಹೋಗಿ ಹನ್ನೊಂದು ವರ್ಷವಾಯಿತು, ಆದರೂ ಇದನ್ನು ನಿನಗೇ ಬರೆಯಬೇಕು.

ಅವಳೂ ನಿನ್ನ ಹಾಗೆ ಕಿವಿ ಕೇಳಿಸದೆ ಹುಟ್ಟಿದವಳು. ತಾಯಿ ಹೊಟ್ಟೆಯಲ್ಲಿದ್ದಾಗಲೇ ಯಾವುದೋ ವೈರಸ್ ಸೋಂಕು ತಗುಲಿತ್ತಂತೆ. ವರ್ಷ ತುಂಬಿದ ಮೇಲೆ ಆಪರೇಷನ್ ಮಾಡಿ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಅಂತ, ಶಬ್ದ ಕೇಳಿಸುವ ಯಂತ್ರ ಕೂರಿಸಿದರು. ಹೊರಗೆ ಕೂದಲಿನ ಮೇಲೆ ಒಂದು ಬಿಲ್ಲೆ, ಅಯಸ್ಕಾಂತದಿಂದ ಅಂಟಿಕೊಂಡಿರುತ್ತದೆ. ಕೂರಿಸಿದ ಕೂಡಲೇ ಮಾತು ಬಂದುಬಿಡಲಿಲ್ಲ. ತುಟಿ ನೋಡದೆ ಕೇಳಿಸಿಕೊಳ್ಳಲಿ ಅಂತ ನನ್ನ ಮಗಳು ಬಾಯಿಗೆ ಕೈ ಅಡ್ಡ ಹಿಡಿದು, ಎರಡು ವರ್ಷ ದಿನವೂ ಅವಳ ಹತ್ತಿರ ಮಾತಾಡಿದಳು.

ಇವತ್ತು ಶೆಡ್ಡಿನಲ್ಲಿ ಬಾಗಿಲಿನ ಹಲಗೆ ನುಣುಪು ಮಾಡುತ್ತಿದ್ದೆ. ಇವಳು ನನಗೆ ಬೆನ್ನು ಹಾಕಿ ಮರದ ಹೊಟ್ಟಿನಲ್ಲಿ ಆಡುತ್ತಿದ್ದಳು. ಊಟಕ್ಕೆ ಕರೆಯಬೇಕಿತ್ತು. ಹಳೇ ಅಭ್ಯಾಸ ನೋಡು, ನಿನ್ನನ್ನು ಕರೆಯುತ್ತಿದ್ದ ಹಾಗೆ ಕಾಲಿನಿಂದ ನೆಲ ಧಡಧಡ ಕುಟ್ಟಿದೆ.

ಸೊಂಟಕ್ಕೆ ಕೈಯಿಟ್ಟು ತಿರುಗಿದಳು. "ಯಾಕೆ ತಾತಾ ಕುಟ್ತೀಯ? ನಂಗೆ ಹೆಸರಿಲ್ವಾ?"

ಇನ್ನೂ ನಾಲ್ಕು ತುಂಬಿಲ್ಲ, ನಾಲಿಗೆ ನೋಡು! ನೀನು ಮಾತ್ರ ಒಂದು ದಿನವೂ ಹಾಗೆ ಕೇಳಲಿಲ್ಲ ಅಕ್ಕಾ. ನಾವು ಕುಟ್ಟಿದಾಗಲೆಲ್ಲ ನೆಲ ಅದುರಿದ್ದು ತಿಳಿದು ನಗುತ್ತಲೇ ತಿರುಗುತ್ತಿದ್ದೆ.

"ಇದೆ ತಾಯಿ, ತಪ್ಪಾಯ್ತು," ಅಂದೆ.

"ಹಾಗಾದ್ರೆ ಕರಿ," ಅಂತ ಮತ್ತೆ ಬೆನ್ನು ತಿರುಗಿಸಿ ಕೂತಳು.

ಮೆತ್ತಗೆ, ಪಿಸುಮಾತಿಗಿಂತ ಚೂರು ಜೋರಾಗಿ, ಹೆಸರು ಹಿಡಿದು ಕರೆದೆ.

"ಏನ್ ತಾತಾ?"

ಸುಮ್ಮನೆ ಇನ್ನೊಂದು ಸಲ ಕರೆದೆ. ಮತ್ತೆ ಕರೆದೆ. ಬಾಯಿಗೆ ರುಚಿ ಹತ್ತಿಬಿಟ್ಟಿತ್ತು.

"ಸಾಕು ತಾತಾ," ಅಂದಳು ಮಹಾರಾಣಿ, ಈ ಕಡೆ ತಿರುಗದೆಯೇ. "ಕೇಳಿಸ್ತು."

ನಿನ್ನ ತಮ್ಮ