ಬರಿ ಮಗಳು

ಮಂಗಳೂರು
ಡಿಸೆಂಬರ್ ೧೪, ೨೦೨೪

ಪ್ರೀತಿಯ ಚೆನ್ನಪ್ಪ ಮಾವನಿಗೆ ದೇಯಿಯ ನಮಸ್ಕಾರ.

ಪತ್ರ ತಡವಾಯಿತು, ಬೈಯಬೇಡಿ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ನಾನು ಕಿರುಚಿದರೆ ವಾಮಂಜೂರಿಗೆಲ್ಲ ನಮ್ಮ ಮನೆಯ ಸುದ್ದಿ ಗೊತ್ತಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೀಡಿನ ಬಲ್ಲಾಳರು, ಅಂದರೆ ನನ್ನ ಅಪ್ಪ, ಕೊನೆಗೂ ತಮ್ಮ ನಾಣ್ಯ, ಪದಕಗಳನ್ನೆಲ್ಲ ಮ್ಯೂಸಿಯಮ್ಮಿಗೆ ಕೊಟ್ಟರು. ವರಾಹ ಯಾವುದು, ಟಿಪ್ಪುವಿನ ಆನೆ ಕಾಸು ಯಾವುದು, ಅಪ್ಪನ ಸೋದರಮಾವನಿಗೆ ಬ್ರಿಟಿಷರ ಕಾಲದಲ್ಲಿ ಸಿಕ್ಕ ಬೆಳ್ಳಿ ಪದಕ ಯಾವುದು ಎಂದು ಗುರುತಿಸಿ ಚೀಟಿ ಬರೆದವಳು ನಾನೇ. ಅಪ್ಪನ ತಂಗಿಯ ಮಗ ಪ್ರೇಮ್ ಎಲ್ಲವನ್ನೂ ತಿಕ್ಕಿ ಫಳಫಳ ಮಾಡುತ್ತೇನೆಂದು ಹುಣಸೆಹುಳಿ ಹಿಡಿದುಕೊಂಡು ಬಂದಿದ್ದ. ಅವನನ್ನು ಚೆನ್ನಾಗಿ ಉಗಿದು ಅಡುಗೆಮನೆಗೆ ಅಟ್ಟಿದೆ.

ಅಳಿಯಕಟ್ಟಿನ ಪ್ರಕಾರ ಬೀಡಿನ ಮನೆತನದ ಸೊತ್ತಿಗೆ ಸೋದರಳಿಯನೇ ಹಕ್ಕುದಾರ. ಹಾಗಾಗಿ ಅಪ್ಪನ ಜೊತೆ ವೇದಿಕೆಯಲ್ಲಿ ಪೆಟ್ಟಿಗೆ ಹಸ್ತಾಂತರಿಸಿದ್ದು ಪ್ರೇಮ್. ಅದರಲ್ಲಿ ನನಗೆ ಬೇಜಾರಿಲ್ಲ.

ಒಂದು ತಮಾಷೆ ಆಯಿತು. ಮ್ಯೂಸಿಯಮ್ಮಿನ ಶ್ರವಣ್ ಮೈಸೂರಿನವರು, ತುಳು ಬಾರದು. ನಾನು ಯಾರೆಂದು ಅಪ್ಪನನ್ನು ಕೇಳಿದರು. ಅಪ್ಪ, "ಮಗಳು. ಆದರೆ ಬರಿ ಬೇರೆ," ಎಂದರು. ಆ ಪುಣ್ಯಾತ್ಮ ಎಂತ ಅರ್ಥ ಮಾಡಿಕೊಂಡರೋ, ಮೈಕಿನಲ್ಲಿ ನನ್ನನ್ನು ತೋರಿಸಿ, "ಇವರು ಬಲ್ಲಾಳರ ಬರಿ ಮಗಳು," ಎಂದುಬಿಟ್ಟರು. ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ. ತುಳುವಿನಲ್ಲಿ ಬರಿ ಎಂದರೆ ತಾಯಿಯ ಕುಲ, ಮಕ್ಕಳು ತಂದೆಯ ಬರಿಗೆ ಸೇರುವುದಿಲ್ಲ ಎಂದು ಆಮೇಲೆ ಚಹಾ ಕುಡಿಯುವಾಗ ನಾನೇ ವಿವರಿಸಿದೆ. ಪಾಪ, ಕ್ಷಮೆ ಕೇಳಿದ್ದೇ ಕೇಳಿದ್ದು.

ಬರುವ ತಿಂಗಳಿಂದ ಶಾಲೆಯ ಮಕ್ಕಳಿಗೆ ಆ ನಾಣ್ಯಗಳ ಬಗ್ಗೆ ಹೇಳಲು ನನ್ನನ್ನೇ ಕರೆದಿದ್ದಾರೆ. ಒಪ್ಪಿದ್ದೇನೆ. ಆ ಕೆಲಸ ನನ್ನಷ್ಟು ಚೆನ್ನಾಗಿ ಇನ್ಯಾರು ಮಾಡಿಯಾರು? ನೀವೂ ಒಮ್ಮೆ ಬನ್ನಿ, ಎದುರಿನ ಸಾಲಿನಲ್ಲೇ ಕೂರಿಸುತ್ತೇನೆ.

ಅತ್ತೆಯ ಮಂಡಿನೋವು ಕಡಿಮೆಯಾಯಿತೇ? ಇಬ್ಬರೂ ನನ್ನನ್ನು ಹರಸಿ.

ನಿಮ್ಮ ಅಕ್ಕನ ಮಗಳು,
ದೇಯಿ

ಮತ್ತೊಂದು ಮಾತು. ಸಭೆ ನಗುವಾಗ ನಾನು ಅಪ್ಪನ ಮುಖ ನೋಡಿದೆ. ಅವರು ತಿದ್ದಲಿಲ್ಲ ಮಾವ. ಅದರಲ್ಲಿ ತಿದ್ದುವಂಥದ್ದು ಏನಾದರೂ ಉಂಟು ಎಂದು ಅವರಿಗೆ ಅನ್ನಿಸಿದ ಹಾಗೆಯೇ ಕಾಣಲಿಲ್ಲ. ಬಹಳ ನೋವಾಯಿತು. ನಾನು ನಿಮ್ಮ ಬರಿಯವಳು, ಅಶ್ಮಿತಾ ನಿಮ್ಮ ಮಗಳಾದರೂ ನಿಮ್ಮ ಬರಿಯವಳಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಅವಳು ಎದುರಿಗಿರುವಾಗ ಯಾರಾದರೂ ಇವಳು ಯಾರೆಂದು ಕೇಳಿದರೆ, "ನನ್ನ ಮಗಳು" ಎನ್ನಿ. ಅಷ್ಟಕ್ಕೇ ನಿಲ್ಲಿಸಿ.